ಬೆಳಗಾವಿಯ ಫ್ಯಾಕ್ಟರಿ ಇಂಟರ್‌ವ್ಯೂ: ಹೋಗಿ ಬಂದವರ ಅನುಭವ, ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮೂರು ಬೈಲಹೊಂಗಲ ತಾಲೂಕಿನಲ್ಲಿದೆ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಬೆಳಗಾವಿಗೆ ಬಂದಾಗ ಆರು ಇಂಟರ್‌ವ್ಯೂ ಕೊಟ್ಟೆ. ಐದರಲ್ಲಿ ಆಗಲಿಲ್ಲ. ಆರನೆಯದರಲ್ಲಿ ಕ್ವಾಲಿಟಿ ವಿಭಾಗಕ್ಕೆ ತಗೊಂಡರು, ಈಗಲೂ ಅಲ್ಲೇ ಇದ್ದೇನೆ. ಕೆಲವು ವರ್ಷಗಳಿಂದ ಇಂಟರ್‌ವ್ಯೂಗೆ ಬಂದ ಹೊಸಬರ ಕೈಗೆ ಜಾಬ್ (ಮಷಿನ್‌ನಲ್ಲಿ ಮಾಡಿದ ಬಿಡಿಭಾಗ) ಕೊಟ್ಟು ಅಳತೆ ಮಾಡಿಸುವುದೂ ನನ್ನ ಪಾಲಿಗೇ ಬಂದಿದೆ. ಹಾಗಾಗಿ ಮೇಜಿನ ಎರಡೂ ಕಡೆ ಕೂತು ನೋಡಿದ್ದೇನೆ. ಊರಿನ ಹುಡುಗರು, ಅವರ ಗೆಳೆಯರು, ಗೆಳೆಯರ ತಂಗಿಯರು ಫೋನ್ ಮಾಡಿ ಅವವೇ ಪ್ರಶ್ನೆ ಕೇಳುತ್ತಾರೆ. ನಾನು ಕೊಟ್ಟ ಉತ್ತರ, ಹೋಗಿ ಬಂದ ಮೇಲೆ ಅವರು ನನಗೆ ಹೇಳಿದ ಅನುಭವ, ಎರಡನ್ನೂ ಇಲ್ಲಿ ಬರೆದಿದ್ದೇನೆ. ಉದ್ಯಮಬಾಗ, ಮಚ್ಛೆ, ಹೊನಗಾ ಕಡೆಯ ಮಷಿನ್ ಶಾಪ್ ಮತ್ತು ಫೌಂಡ್ರಿಗಳಿಗೆ (ಲೋಹ ಕರಗಿಸಿ ಅಚ್ಚಿಗೆ ಸುರಿಯುವ ಕಾರ್ಖಾನೆ) ಇದು ಹೆಚ್ಚು ಹೊಂದುತ್ತದೆ.

ಇಂಟರ್‌ವ್ಯೂ ದಿನ ಮೊದಲಿಂದ ಕೊನೆಯವರೆಗೆ ಏನು ನಡೆಯುತ್ತದೆ?

ಗೇಟಿನಿಂದಲೇ ಶುರು. ಸೆಕ್ಯುರಿಟಿ ಹತ್ತಿರ ರಿಜಿಸ್ಟರ್‌ನಲ್ಲಿ ಹೆಸರು, ಊರು, ಯಾರನ್ನು ನೋಡಬೇಕು ಅಂತ ಬರೆಯಬೇಕು. ಕೆಲವು ಕಡೆ ಮೊಬೈಲ್ ಅಲ್ಲೇ ಇಡಿಸಿಕೊಳ್ಳುತ್ತಾರೆ. ಕ್ಯಾಮೆರಾ ಒಳಗೆ ಹೋಗಬಾರದು ಅಂತ ಅಷ್ಟೇ, ಬೇಜಾರು ಮಾಡ್ಕೋಬೇಡಿ. ಆಮೇಲೆ ಕಾಯುವುದು. ಹತ್ತು ಗಂಟೆಗೆ ಬಾ ಅಂದವರು ಹನ್ನೆರಡಕ್ಕೆ ಕರೆದದ್ದು ನನಗೇ ಎರಡು ಸಲ ಆಗಿದೆ. ನಂತರ ಒಂದು ಬರೆಯುವ ಪರೀಕ್ಷೆ, ಅದಾದ ಮೇಲೆ ಎಚ್‌ಆರ್ ಹತ್ತಿರ ಹತ್ತು ನಿಮಿಷ ಮಾತು, ಆಮೇಲೆ ವಿಭಾಗದ ಮುಖ್ಯಸ್ಥರು. ಕೊನೆಗೆ ಶಾಪ್ ಫ್ಲೋರ್, ಅಂದರೆ ಮಷಿನ್‌ಗಳು ನಡೆಯುವ ಜಾಗ. ಸಣ್ಣ ಕಂಪನಿಯಲ್ಲಿ ಪರೀಕ್ಷೆಯೂ ಇಲ್ಲ, ಎಚ್‌ಆರ್ ಕೂಡ ಇಲ್ಲ. ಮಾಲೀಕರೇ ಕೂಡಿಸಿಕೊಂಡು "ಏನ್ ಬರ್ತೈತಿ ನಿನಗ?" ಅಂತ ಕೇಳಿ, ಎದ್ದು ಸೀದಾ ಮಷಿನ್ ಹತ್ತಿರ ಕರೆದುಕೊಂಡು ಹೋಗುತ್ತಾರೆ. ಎಲ್ಲಾ ಕಡೆ ತೀರ್ಮಾನ ಆಗುವುದು ಹೆಚ್ಚಾಗಿ ಆ ಕೊನೆಯ ಅರ್ಧ ಗಂಟೆಯಲ್ಲಿ.

ಎಷ್ಟೊತ್ತಿಗೆ ಹೊರಡಬೇಕು?

ಊರಿನ ಮೊದಲ ಬಸ್ ಹಿಡಿಯಿರಿ. ಸಿಬಿಟಿಗೆ (ಬೆಳಗಾವಿಯ ಕೇಂದ್ರ ಬಸ್ ನಿಲ್ದಾಣ) ಬಂದು ಇಳಿದ ಮೇಲೂ ಉದ್ಯಮಬಾಗಕ್ಕೆ ಇನ್ನೊಂದು ಸಿಟಿ ಬಸ್ ಹತ್ತಬೇಕು, ಅದಕ್ಕೆ ಅರ್ಧ ಮುಕ್ಕಾಲು ಗಂಟೆ ಬೇರೆ ಇಟ್ಟುಕೊಳ್ಳಿ. ಮಚ್ಛೆ ಖಾನಾಪುರ ರಸ್ತೆಯಲ್ಲೇ ಇನ್ನೂ ಮುಂದೆ. ಹೊನಗಾ, ಹತ್ತರಗಿ ಪೂರ್ತಿ ಉಲ್ಟಾ ದಿಕ್ಕು, ಕೊಲ್ಹಾಪುರ ಹೆದ್ದಾರಿ ಕಡೆ. ಒಬ್ಬ ಹುಡುಗ ಹತ್ತರಗಿಗೆ ಹೋಗಬೇಕಾದವನು ಉದ್ಯಮಬಾಗದಲ್ಲಿ ಇಳಿದು ಫೋನ್ ಮಾಡಿದ್ದ, ಅಷ್ಟೊತ್ತಿಗೆ ಸಮಯ ಮುಗಿದಿತ್ತು. ಹಿಂದಿನ ದಿನವೇ ವಿಳಾಸ ಕೇಳಿ ಬರೆದುಕೊಳ್ಳಿ. ಮಳೆಗಾಲ ಆದರೆ ಕಾಗದಪತ್ರಕ್ಕೆ ಒಂದು ಪ್ಲಾಸ್ಟಿಕ್ ಕವರ್ ಇರಲಿ. ಬೆಳಗಾವಿ ಮಳೆ ಒಮ್ಮೆ ಹಿಡಿದರೆ ಬೇಗ ಬಿಡುವುದಿಲ್ಲ.

ಏನೇನು ತಗೊಂಡು ಹೋಗಬೇಕು? ಒರಿಜಿನಲ್ ಕೊಡಬಹುದಾ?

ಬಯೋಡೇಟಾ ಮೂರು ಪ್ರತಿ, ಎಸ್ಸೆಸ್ಸೆಲ್ಸಿಯಿಂದ ಎಲ್ಲಾ ಮಾರ್ಕ್ಸ್ ಕಾರ್ಡಿನ ಝೆರಾಕ್ಸ್, ಆಧಾರ್, ಫೋಟೋ, ಒಂದು ಪೆನ್ನು. ಕ್ಯಾಲ್ಕ್ಯುಲೇಟರ್ ಇದ್ದರೆ ಅದೂ ಇರಲಿ. ಒರಿಜಿನಲ್ ತೋರಿಸಲು ತಗೊಂಡು ಹೋಗಿ. ತೋರಿಸಿ, ಮತ್ತೆ ಚೀಲಕ್ಕೆ ಹಾಕಿಕೊಳ್ಳಿ.

ಇದನ್ನು ಒತ್ತಿ ಹೇಳಲು ಕಾರಣ ಇದೆ. ನಾನು ಮೂರನೆಯ ಸಲ ಹೋದ ಕಡೆ "ಸೆಲೆಕ್ಟ್ ಆಗಿದ್ದೀರಿ, ಡಿಪ್ಲೊಮಾ ಒರಿಜಿನಲ್ ನಮ್ಮ ಹತ್ತಿರ ಇರಲಿ, ಎರಡು ವರ್ಷ ಆದ ಮೇಲೆ ಕೊಡುತ್ತೇವೆ" ಅಂದರು. ಮನೆಯಲ್ಲಿ ಕಷ್ಟ ಇತ್ತು, ಕೈ ಅರ್ಧ ಚೀಲದೊಳಗೆ ಹೋಗಿತ್ತು. ಅಪ್ಪನಿಗೆ ಫೋನ್ ಮಾಡಿ ಬರುತ್ತೇನೆ ಅಂತ ಹೊರಗೆ ಬಂದೆ. ಅಪ್ಪ ಓದಿದವರಲ್ಲ. ಆದರೂ ಒಂದೇ ಮಾತು ಹೇಳಿದರು: "ಹೊಲದ ಉತಾರ (ಪಹಣಿ) ಯಾರಾದರೂ ಕೇಳಿದರ ಕೊಟ್ಟು ಬರತೀಯೇನು?" ನಾನು ವಾಪಸ್ ಒಳಗೆ ಹೋಗಲೇ ಇಲ್ಲ. ಅಲ್ಲಿ ಕಾಗದ ಕೊಟ್ಟು ಸೇರಿದ ನನ್ನ ಜೊತೆಯವನಿಗೆ ಮುಂದೆ ಪುಣೆಯಲ್ಲಿ ಒಳ್ಳೆಯ ಕೆಲಸ ಬಂದಾಗ ಅವನು ಹೋಗಲು ಆಗಲಿಲ್ಲ, ಕಾಗದ ಕೈಗೆ ಸಿಗುವಷ್ಟರಲ್ಲಿ ಆ ಜಾಗ ತುಂಬಿತ್ತು. ಪರಿಶೀಲನೆಗೆ ನೋಡುವುದು ಬೇರೆ, ಒತ್ತೆ ಇಟ್ಟುಕೊಳ್ಳುವುದು ಬೇರೆ.

ಬರೆಯುವ ಪರೀಕ್ಷೆಯಲ್ಲಿ ಏನು ಬರುತ್ತದೆ?

ಕಷ್ಟದ್ದು ಏನೂ ಇಲ್ಲ, ಆದರೆ ನಾವು ಓದಿ ಮರೆತದ್ದೇ ಬರುತ್ತದೆ. ವರ್ನಿಯರ್‌ನ ಲೀಸ್ಟ್ ಕೌಂಟ್ (ಅಳೆಯಬಹುದಾದ ಅತಿ ಸಣ್ಣ ಅಳತೆ) ಎಷ್ಟು, ಹೇಗೆ ಬಂತು? 0.02 ಮಿಮೀ ಅಂತ ಎಲ್ಲರೂ ಬರೆಯುತ್ತಾರೆ. ಮುಖ್ಯ ಸ್ಕೇಲಿನ 49 ಮಿಮೀ ಜಾಗವನ್ನು ವರ್ನಿಯರ್‌ನಲ್ಲಿ 50 ಭಾಗ ಮಾಡಿರುತ್ತಾರೆ, ಒಂದು ಭಾಗ 0.98, ಒಂದರಿಂದ ಅದನ್ನು ಕಳೆದರೆ 0.02 ಅಂತ ಬರೆಯುವವರು ಕಡಿಮೆ. ಮೈಕ್ರೋಮೀಟರ್ ಆದರೆ ಪಿಚ್ (ಒಂದು ಸುತ್ತಿಗೆ ಸ್ಕ್ರೂ ಮುಂದೆ ಹೋಗುವ ದೂರ) 0.5, ಥಿಂಬಲ್ (ಕೈಯಿಂದ ತಿರುಗಿಸುವ ಭಾಗ) ಮೇಲೆ 50 ಗೆರೆ, ಹಾಗಾಗಿ 0.01.

ಎಂ10 ಟ್ಯಾಪ್ ಹೊಡೆಯಲು (ತೂತಿನೊಳಗೆ 10 ಮಿಮೀ ಬೋಲ್ಟಿಗೆ ಎಳೆ ಕೊರೆಯಲು) ಯಾವ ಡ್ರಿಲ್? ಪಿಚ್ 1.5 ಇದ್ದರೆ 8.5. ಡ್ರಾಯಿಂಗ್ ಕೊಟ್ಟು ಫಸ್ಟ್ ಆ್ಯಂಗಲ್ಲಾ ಥರ್ಡ್ ಆ್ಯಂಗಲ್ಲಾ ಅಂತ ಕೇಳುತ್ತಾರೆ, ಒಂದು ವಸ್ತುವಿನ ಮೇಲಿನ, ಪಕ್ಕದ ನೋಟಗಳನ್ನು ಕಾಗದದಲ್ಲಿ ಎಲ್ಲಿ ಇಡುತ್ತಾರೆ ಅನ್ನುವ ಎರಡು ಪದ್ಧತಿ ಅವು. ನಾವು ಕಲಿತದ್ದು ಫಸ್ಟ್ ಆ್ಯಂಗಲ್, ಅಮೆರಿಕದ ಗಿರಾಕಿಗಳ ಡ್ರಾಯಿಂಗ್ ಥರ್ಡ್ ಆ್ಯಂಗಲ್‌ನಲ್ಲಿ ಬರುತ್ತದೆ, ಇಲ್ಲಿಯ ಹೈಡ್ರಾಲಿಕ್ಸ್ ಮತ್ತು ವಿಮಾನದ ಬಿಡಿಭಾಗ ಮಾಡುವ ಕಂಪನಿಗಳಲ್ಲಿ ಇದು ತಪ್ಪಿದರೆ ಜಾಬೇ ತಪ್ಪುತ್ತದೆ. ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಲೆಕ್ಕವೂ ಕೊಡುತ್ತಾರೆ: ವ್ಯಾಸ 50 ಮಿಮೀ, ಕಟಿಂಗ್ ಸ್ಪೀಡ್ ನಿಮಿಷಕ್ಕೆ 150 ಮೀಟರ್, ಎಷ್ಟು ಆರ್‌ಪಿಎಂ? ಸಾವಿರದಿಂದ ಗುಣಿಸಿ, ಪೈ ಗುಣಿಸು ವ್ಯಾಸದಿಂದ ಭಾಗಿಸಿದರೆ ಸುಮಾರು 955. ಸಿಎನ್‌ಸಿಗೆ (ಕಂಪ್ಯೂಟರ್ ಪ್ರೋಗ್ರಾಮ್‌ನಿಂದ ನಡೆಯುವ ಮಷಿನ್) ಹೋಗುವವರು ಜಿ00, ಜಿ01, ಜಿ02, ಜಿ03, ಜಿ54, ಎಂ03, ಎಂ30 ಎಂಬ ಪ್ರೋಗ್ರಾಮ್ ಕೋಡ್‌ಗಳು ಏನು ಅಂತ ನಿದ್ದೆಯಲ್ಲಿ ಕೇಳಿದರೂ ಹೇಳುವಂತಿರಬೇಕು.

ಶಾಪ್ ಫ್ಲೋರ್‌ನಲ್ಲಿ ಏನು ಮಾಡಿಸುತ್ತಾರೆ? ಎಲ್ಲರೂ ಅಲ್ಲೇ ಹೆದರುತ್ತಾರಂತೆ, ಹೌದಾ?

ಹೌದು. ನಾನೂ ಹೆದರಿದ್ದೆ.

ಎರಡನೆಯ ಇಂಟರ್‌ವ್ಯೂನಲ್ಲಿ ನನ್ನ ಕೈಗೆ ಒಂದು ಪಿನ್ ಮತ್ತು ಮೈಕ್ರೋಮೀಟರ್ ಕೊಟ್ಟರು. ಡ್ರಾಯಿಂಗ್‌ನಲ್ಲಿ 12 ಮಿಮೀ, ಹೆಚ್ಚು ಕಡಿಮೆ 0.02 ನಡೆಯುತ್ತದೆ ಅಂತಿತ್ತು. ಅಳೆದೆ, 12.03 ಬಂತು. "ರಿಜೆಕ್ಟ್ ಸರ್" ಅಂದೆ, ದೊಡ್ಡ ದನಿಯಲ್ಲಿ. ಅವರು ಮೈಕ್ರೋಮೀಟರ್ ತಗೊಂಡು ಪೂರ್ತಿ ಮುಚ್ಚಿ ನನ್ನ ಮುಖದ ಮುಂದೆ ಹಿಡಿದರು. ಸೊನ್ನೆ ಸೊನ್ನೆಯಲ್ಲಿ ಇರಲಿಲ್ಲ, 0.02 ಮುಂದೆ ನಿಂತಿತ್ತು. ಅಂದರೆ ಪಿನ್ನಿನ ನಿಜವಾದ ಅಳತೆ 12.01, ಅದು ಒಳ್ಳೆಯ ಜಾಬ್. ಒಳ್ಳೆಯ ಮಾಲನ್ನು ನಾನು ಗುಜರಿಗೆ ಹಾಕಿದ್ದೆ. ಅವರು ಬೈಯಲಿಲ್ಲ, "ಮೊದಲು ಸೊನ್ನೆ ನೋಡಬೇಕಪಾ" ಅಂದರು ಅಷ್ಟೇ. ಕೆಲಸ ಸಿಗಲಿಲ್ಲ. ಆದರೆ ಅವತ್ತಿನಿಂದ ಇವತ್ತಿನವರೆಗೆ ಸೊನ್ನೆ ನೋಡದೆ ನಾನು ಒಂದು ಅಳತೆಯನ್ನೂ ಬರೆದಿಲ್ಲ.

ಈಗ ಬೇರೆಯವರಿಗೆ ಅದೇ ಪರೀಕ್ಷೆ ಕೊಡುವಾಗ ನಾನು ನೋಡುವುದು ಸಂಖ್ಯೆಯನ್ನಲ್ಲ, ಕೈಯನ್ನು. ಜಾಬ್ ತಗೊಂಡ ತಕ್ಷಣ ಬಟ್ಟೆಯಿಂದ ಒರೆಸುತ್ತಾರಾ? ಬರ್ (ಅಂಚಿನಲ್ಲಿ ಉಳಿದ ಚೂಪು ಲೋಹ) ಇದೆಯಾ ಅಂತ ನೋಡುತ್ತಾರಾ? ಮೈಕ್ರೋಮೀಟರ್‌ನ ಥಿಂಬಲ್ ಹಿಡಿದು ಗಟ್ಟಿಯಾಗಿ ತಿರುಗಿಸುತ್ತಾರಾ, ಇಲ್ಲಾ ಹಿಂದಿನ ರ‍್ಯಾಚೆಟ್‌ನಿಂದ ಟಕ್ ಟಕ್ ಅನ್ನುವವರೆಗೆ ನಿಧಾನವಾಗಿ ತರುತ್ತಾರಾ? ಒಂದೇ ಕಡೆ ಅಳೆದು ಬಿಡುತ್ತಾರಾ, ಎರಡು ಮೂರು ಕಡೆ ಅಳೆಯುತ್ತಾರಾ? ಮುಗಿದ ಮೇಲೆ ಸಾಧನವನ್ನು ಡಬ್ಬಿಯಲ್ಲಿ ಇಡುತ್ತಾರಾ, ಮೇಜಿನ ಮೇಲೆ ಎಸೆಯುತ್ತಾರಾ? ಕಳೆದ ಸಲ ಗೋಕಾಕ ಕಡೆಯ ಒಬ್ಬ ಐಟಿಐ ಹುಡುಗ ಮಾತಿನಲ್ಲಿ ತುಂಬಾ ಹಿಂದೆ ಇದ್ದ, ಹೆಸರು ಕೇಳಿದರೂ ತಡವರಿಸುತ್ತಿದ್ದ. ಜಾಬ್ ಕೈಗೆ ಬಂದ ಕೂಡಲೇ ಬೇರೆಯೇ ಮನುಷ್ಯ ಆದ. ಒರೆಸಿದ, ಸೊನ್ನೆ ನೋಡಿದ, ಮೂರು ಕಡೆ ಅಳೆದ, "ಈ ತುದಿ ಸ್ವಲ್ಪ ಟೇಪರ್ ಐತ್ರಿ ಸರ್" ಅಂದ. ತುದಿಯ ಕಡೆ ವ್ಯಾಸ ಬದಲಾಗುವ ಆ ಟೇಪರ್ ನಿಜವಾಗಿಯೂ ಇತ್ತು. ಅವನನ್ನು ತಗೊಂಡೆವು.

ಟರ್ನಿಂಗ್ ಮಷಿನ್ ಹತ್ತಿರ ಇನ್ನೊಂದು ಪ್ರಶ್ನೆ ಖಾಯಂ: ಹೊರ ವ್ಯಾಸ 0.04 ಜಾಸ್ತಿ ಬರುತ್ತಿದೆ, ಏನು ಮಾಡುತ್ತೀ? ಎಕ್ಸ್ ವೇರ್ ಆಫ್‌ಸೆಟ್‌ನಲ್ಲಿ (ಟೂಲ್ ಸವೆತಕ್ಕೆ ಮಷಿನ್‌ನಲ್ಲಿ ಹಾಕುವ ತಿದ್ದುಪಡಿ) ಮೈನಸ್ 0.04 ಕೊಡುತ್ತೇನೆ ಅಂದರೆ ಸರಿ. "ಮೊದಲು ಇನ್ಸರ್ಟ್ ಸವೆದಿದೆಯಾ ನೋಡುತ್ತೇನೆ, ಆಮೇಲೆ ಆಫ್‌ಸೆಟ್" ಅಂದರೆ ಇನ್ನೂ ಚೆನ್ನ. ಇನ್ಸರ್ಟ್ ಅಂದರೆ ಟೂಲಿನ ಕತ್ತರಿಸುವ ತುದಿ.

ಫೌಂಡ್ರಿ ಆದರೆ?

ಬೆಳಗಾವಿಯಲ್ಲಿ ಫೌಂಡ್ರಿಗಳು ಬಹಳ, ಅದಕ್ಕೇ ಈ ಪ್ರಶ್ನೆಯೂ ಬಹಳ ಬರುತ್ತದೆ. ಅಲ್ಲಿ ಒಂದು ಕೆಟ್ಟ ಕಾಸ್ಟಿಂಗ್ (ಎರಕ ಹೊಯ್ದ ಭಾಗ) ಕೈಗೆ ಕೊಟ್ಟು ಇದು ಬ್ಲೋ ಹೋಲಾ, ಶ್ರಿಂಕೇಜಾ ಅಂತ ಕೇಳುತ್ತಾರೆ. ಗಾಳಿ ಸಿಕ್ಕಿ ಆದ ತೂತು ದುಂಡಗೆ, ಒಳಗೆ ನಯವಾಗಿರುತ್ತದೆ. ಮರಳಿನಲ್ಲಿ ತೇವ ಜಾಸ್ತಿ ಆಗಿರಬಹುದು, ಗಾಳಿ ಹೋಗಲು ದಾರಿ ಕಡಿಮೆ ಇರಬಹುದು. ಶ್ರಿಂಕೇಜ್ ಒರಟಾಗಿ ಹರಿದ ಹಾಗೆ ಇರುತ್ತದೆ, ದಪ್ಪ ಇರುವ ಕಡೆ ಬರುತ್ತದೆ. ಲೋಹ ಆರುವಾಗ ಕುಗ್ಗುತ್ತದೆ, ಆ ಜಾಗ ತುಂಬಲು ರೈಸರ್‌ನಿಂದ (ಅಚ್ಚಿನಲ್ಲಿ ಹೆಚ್ಚುವರಿ ಲೋಹ ನಿಲ್ಲುವ ಜಾಗ) ಲೋಹ ಬಂದಿರುವುದಿಲ್ಲ. ಎಸ್‌ಜಿ ಐರನ್‌ಗೆ (ಒಂದು ಬಗೆಯ ಎರಕದ ಕಬ್ಬಿಣ) ಮೆಗ್ನೀಷಿಯಂ ಯಾಕೆ ಹಾಕುತ್ತಾರೆ ಅಂತಲೂ ಕೇಳುತ್ತಾರೆ: ಗ್ರ್ಯಾಫೈಟ್ ಎಲೆಯಂತೆ ಹರಡದೆ ಗುಂಡಾಗಲಿ ಅಂತ, ಆಗ ಕಬ್ಬಿಣ ಬೇಗ ಬಿರಿಯುವುದಿಲ್ಲ.

ಒಂದು ಮಾತು. ಸುಮಾರು 1,400 ಡಿಗ್ರಿಯ ಲೋಹ ಸುರಿಯುವ ಜಾಗ ಅದು. ಸುತ್ತು ಹಾಕಿಸುವಾಗ ಅಲ್ಲಿ ಕೆಲಸ ಮಾಡುವವರ ಕಾಲು ನೋಡಿ. ಸೇಫ್ಟಿ ಶೂ ಇದೆಯಾ, ಚಪ್ಪಲಿಯಾ? ಕಣ್ಣಿಗೆ ಕನ್ನಡಕ ಇದೆಯಾ? ನಿಮ್ಮನ್ನು ಅವರು ನೋಡುತ್ತಿರುವಾಗ ನೀವೂ ಅವರನ್ನು ನೋಡಬೇಕು. ಚಪ್ಪಲಿಯಲ್ಲಿ ಲೋಹ ಸುರಿಸುವ ಕಡೆ ಸಂಬಳ ಎಷ್ಟೇ ಹೇಳಲಿ, ನಾನು ನನ್ನ ತಮ್ಮನನ್ನು ಕಳಿಸುವುದಿಲ್ಲ.

ಇಂಗ್ಲಿಷ್ ಬರುವುದಿಲ್ಲ. ಮರಾಠಿ, ಹಿಂದಿ ಬೇಕಾ?

ಆಪರೇಟರ್, ಫಿಟ್ಟರ್, ಟರ್ನರ್ ಕೆಲಸಕ್ಕೆ ಕನ್ನಡದಲ್ಲೇ ಇಂಟರ್‌ವ್ಯೂ ಆಗುತ್ತದೆ. ಫ್ಲೋರ್‌ನಲ್ಲಿ ಕನ್ನಡ, ಮರಾಠಿ, ಹಿಂದಿ ಎಲ್ಲಾ ಕಲೆತು ನಡೆಯುತ್ತದೆ, ಆರು ತಿಂಗಳಲ್ಲಿ ತಾನಾಗಿ ಕಿವಿಗೆ ಹತ್ತುತ್ತದೆ. ಎಂಜಿನಿಯರ್, ಕ್ವಾಲಿಟಿ, ಪ್ಲಾನಿಂಗ್ ಕಡೆ ಹೋಗುವವರಿಗೆ ಇಂಗ್ಲಿಷ್ ಬೇಕು, ಯಾಕೆಂದರೆ ಗಿರಾಕಿಯ ಮೇಲ್, ಡ್ರಾಯಿಂಗ್, ರಿಪೋರ್ಟ್ ಎಲ್ಲಾ ಅದರಲ್ಲೇ. ಆದರೂ ವ್ಯಾಕರಣಕ್ಕೆ ಯಾರೂ ಅಂಕ ಹಾಕುವುದಿಲ್ಲ. ಬಾಯಿಪಾಠ ಮಾಡಿದ ನಾಲ್ಕು ಸಾಲು ಇಂಗ್ಲಿಷ್ ಹೇಳಿ, ಐದನೆಯ ಪ್ರಶ್ನೆಗೆ ಕಲ್ಲಾಗಿ ಕೂರುವುದಕ್ಕಿಂತ "ಸರ್, ಕನ್ನಡದಲ್ಲಿ ಹೇಳಲಾ?" ಅಂತ ಮೊದಲೇ ಕೇಳಿ. ನಾನು ನೋಡಿದ ಮಟ್ಟಿಗೆ ಬೇಡ ಅಂದವರು ಒಬ್ಬರೇ.

"ನಿನ್ನ ಬಗ್ಗೆ ಹೇಳು" ಅಂದರೆ ಏನು ಹೇಳಬೇಕು?

ಅಪ್ಪನ ಹೆಸರು, ಅಮ್ಮನ ಹೆಸರು, ಹವ್ಯಾಸ ಕ್ರಿಕೆಟ್ ಅಂತ ಹೇಳಬೇಡಿ, ಅದು ಬಯೋಡೇಟಾದಲ್ಲಿ ಇದೆ. ಏನು ಓದಿದ್ದೀರಿ, ಯಾವ ಮಷಿನ್ ಮೇಲೆ ಕೈ ಇಟ್ಟಿದ್ದೀರಿ, ಪ್ರಾಜೆಕ್ಟ್‌ನಲ್ಲಿ ನಿಮ್ಮ ಪಾಲು ಯಾವುದು, ಈ ಕೆಲಸ ಯಾಕೆ. ಎರಡು ನಿಮಿಷ ಸಾಕು. ಪ್ರಾಜೆಕ್ಟ್ ದುಡ್ಡು ಕೊಟ್ಟು ಮಾಡಿಸಿದ್ದಾದರೆ ಅದರ ಬಗ್ಗೆ ದೊಡ್ಡದಾಗಿ ಹೇಳಲು ಹೋಗಬೇಡಿ, ಎರಡನೇ ಪ್ರಶ್ನೆಗೇ ಗೊತ್ತಾಗುತ್ತದೆ.

ಎರಡು ವರ್ಷ ಗ್ಯಾಪ್ ಇದೆ, ಮನೆಯಲ್ಲಿ ಹೊಲ ಮಾಡುತ್ತಿದ್ದೆ. ಅದನ್ನು ಮುಚ್ಚಿಡಬೇಕಾ?

ಬೇಡ. ಯಾಕೆ ಮುಚ್ಚಿಡಬೇಕು? ಬೆಳಗಾವಿ ಜಿಲ್ಲೆಯಲ್ಲಿ ಕಬ್ಬು ಮನೆಮನೆಯ ಬದುಕು, ಕಟಾವಿನ ಸಮಯದಲ್ಲಿ ಮಗ ಮನೆಯಲ್ಲಿ ಇದ್ದ ಅಂದರೆ ಇಲ್ಲಿಯ ಮ್ಯಾನೇಜರ್‌ಗಳಿಗೆ ಅರ್ಥ ಆಗುತ್ತದೆ. ಸುಳ್ಳು ಅನುಭವ ಪತ್ರ ಮಾತ್ರ ತರಬೇಡಿ. ಇಲ್ಲಿ ಒಂದು ಶಾಪ್‌ನ ಸೂಪರ್‌ವೈಸರ್‌ಗೆ ಇನ್ನೊಂದು ಶಾಪ್‌ನವರು ಗೊತ್ತಿರುತ್ತಾರೆ, ಒಂದು ಫೋನ್ ಸಾಕು. ಅಥಣಿ ಕಡೆಯ ಒಬ್ಬ ಹುಡುಗನಿಗೆ ಗ್ಯಾಪ್ ಬಗ್ಗೆ ಕೇಳಿದಾಗ, ಊರಿನಲ್ಲಿ ಬೋರ್‌ವೆಲ್ ಪಂಪ್ ಎತ್ತಿಸುವಾಗ ಜೊತೆಗಿದ್ದೆ, ಟ್ರ್ಯಾಕ್ಟರ್ ಕ್ಲಚ್ ಪ್ಲೇಟ್ ನಾನೇ ಬದಲಿಸಿದೆ ಅಂತ ಹೇಳಿದ. ಉಳಿದ ಇಂಟರ್‌ವ್ಯೂ ಪೂರ್ತಿ ಆ ಕ್ಲಚ್ ಬಗ್ಗೆಯೇ ನಡೆಯಿತು. ಅವನು ಈಗ ಮೇಂಟೆನೆನ್ಸ್ ವಿಭಾಗದಲ್ಲಿದ್ದಾನೆ.

ಉತ್ತರ ಗೊತ್ತಿಲ್ಲದಿದ್ದರೆ?

"ಗೊತ್ತಿಲ್ಲ ಸರ್" ಅನ್ನಿ. ಅರ್ಧ ಗೊತ್ತಿದ್ದರೆ, ಇಷ್ಟು ಗೊತ್ತು, ಮುಂದಿನದು ಗೊತ್ತಿಲ್ಲ ಅನ್ನಿ. ಕ್ವಾಲಿಟಿ ಕೆಲಸದಲ್ಲಿ ಅಂದಾಜಿನಲ್ಲಿ ಹೇಳುವವರನ್ನು ಕಂಡರೆ ನನಗೆ ನಿಜವಾಗಿ ಭಯ ಆಗುತ್ತದೆ.

ಸಂಬಳ ಎಷ್ಟು ಕೇಳಬೇಕು? ಸಿಟಿಸಿ (ನಮಗಾಗಿ ಕಂಪನಿ ಮಾಡುವ ಒಟ್ಟು ಖರ್ಚು) ಅಂದರೆ ಕೈಗೆ ಬರುವುದು ಎಷ್ಟು?

ಎಷ್ಟು ಕೇಳಬೇಕು ಅನ್ನುವುದಕ್ಕಿಂತ ಅವರು ಹೇಳಿದ್ದು ಏನು ಅಂತ ತಿಳಿಯುವುದು ಮುಖ್ಯ. ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ಗ್ರಾಸ್ (ಕಡಿತಕ್ಕೆ ಮೊದಲಿನ ಸಂಬಳ) 16,000, ಅದರಲ್ಲಿ ಬೇಸಿಕ್ ಮತ್ತು ಡಿಎ ಸೇರಿ 15,000 ಅಂತ ಇಟ್ಟುಕೊಳ್ಳಿ. ನಿಮ್ಮ ಪಿಎಫ್ (ಭವಿಷ್ಯ ನಿಧಿ) ಶೇಕಡಾ 12, ಅಂದರೆ 1,800 ಕಡಿತ. ಇಎಸ್‌ಐ (ನೌಕರರ ವಿಮೆ) ಗ್ರಾಸ್‌ನ ಶೇಕಡಾ 0.75, ಅಂದರೆ 120. ಕೈಗೆ ಬರುವುದು 14,080. ಕಂಪನಿ ತನ್ನ ಕಡೆಯಿಂದ ಪಿಎಫ್‌ಗೆ 1,800, ಇಎಸ್‌ಐಗೆ ಶೇಕಡಾ 3.25ರ ಲೆಕ್ಕದಲ್ಲಿ 520 ಹಾಕುತ್ತದೆ. ಅದನ್ನೂ ಸೇರಿಸಿ "ಸಿಟಿಸಿ ಹದಿನೆಂಟು ಸಾವಿರದ ಮೇಲೆ" ಅಂತ ಹೇಳುತ್ತಾರೆ. ಸುಳ್ಳಲ್ಲ, ಆದರೆ ಮನೆಗೆ ಫೋನ್ ಮಾಡಿ ಹದಿನೆಂಟು ಅಂತ ಹೇಳಿಬಿಟ್ಟರೆ ಮೊದಲ ತಿಂಗಳು ಬೇಜಾರಾಗುತ್ತದೆ. ಕ್ಯಾಂಟೀನ್, ಬಸ್ಸಿನ ದುಡ್ಡು ಕಡಿಯುತ್ತಾರಾ ಅಂತಲೂ ಕೇಳಿ. ಓವರ್‌ಟೈಮ್ ದುಪ್ಪಟ್ಟಾ, ಸಿಂಗಲ್ಲಾ, ಇಲ್ಲವೇ ಇಲ್ಲವಾ? "ಕೈಗೆ ಎಷ್ಟು ಬರುತ್ತದೆ ಸರ್?" ಅಂತ ಕೇಳುವುದು ಅವಮಾನ ಅಲ್ಲ. ಕೇಳದೆ ಸೇರಿ ಎರಡೇ ತಿಂಗಳಿಗೆ ಬಿಟ್ಟವರನ್ನು ಬಹಳ ನೋಡಿದ್ದೇನೆ.

ಕಂಪನಿ ರೋಲ್, ಕಾಂಟ್ರ್ಯಾಕ್ಟ್, ಟ್ರೈನಿ, ಅಪ್ರೆಂಟಿಸ್. ಇದರಲ್ಲಿ ವ್ಯತ್ಯಾಸ ಏನು?

ಇದನ್ನು ಸಹಿ ಹಾಕುವ ಮೊದಲೇ ಕೇಳಬೇಕು, ಯಾರೂ ಕೇಳುವುದಿಲ್ಲ. ಇಂಟರ್‌ವ್ಯೂ ಮಾಡುವವರು ಕಂಪನಿಯವರೇ, ಕೆಲಸ ಮಾಡುವುದು ಅದೇ ಗೇಟಿನ ಒಳಗೇ, ಆದರೆ ಪತ್ರ ಕೊಡುವಾಗ ಮೇಲೆ ಗುತ್ತಿಗೆದಾರನ ಹೆಸರು ಇರುತ್ತದೆ. ಆಗ ಸಂಬಳ ಕೊಡುವವನು, ಪಿಎಫ್ ಕಟ್ಟುವವನು ಆ ಗುತ್ತಿಗೆದಾರ. ಕಟ್ಟುತ್ತಿದ್ದಾನಾ ಅಂತ ನಿಮ್ಮ ಪಿಎಫ್‌ನ ಯುಎಎನ್ ನಂಬರಿನಿಂದ ಪಾಸ್‌ಬುಕ್ ತೆಗೆದು ಎರಡು ಮೂರು ತಿಂಗಳಿಗೊಮ್ಮೆ ನೋಡಿಕೊಳ್ಳಿ.

ಅಪ್ರೆಂಟಿಸ್ ಅಂದರೆ 1961ರ ಅಪ್ರೆಂಟಿಸ್ ಕಾಯ್ದೆಯ ಕೆಳಗೆ ತರಬೇತಿ. ಸಂಬಳ ಅಲ್ಲ, ಸ್ಟೈಪೆಂಡ್. ಪಿಎಫ್ ಇಲ್ಲ. ಮುಗಿದ ಮೇಲೆ ಅಲ್ಲೇ ಕೆಲಸ ಕೊಡಲೇಬೇಕು ಅಂತಲೂ ಇಲ್ಲ. ಆದರೆ ಐಟಿಐ ಮುಗಿಸಿದವರಿಗೆ ಆ ಸರ್ಟಿಫಿಕೇಟ್ ಮುಂದೆ ಬಹಳ ಕಡೆ ಕೆಲಸಕ್ಕೆ ಬರುತ್ತದೆ, ಅದಕ್ಕೆ ಹೋಗಿ ಅಂತಲೇ ಹೇಳುತ್ತೇನೆ. "ಟ್ರೈನಿ" ಅನ್ನುವ ಮಾತಿನ ಬಗ್ಗೆ ಮಾತ್ರ ಎಚ್ಚರ. ಎಷ್ಟು ತಿಂಗಳು ಟ್ರೈನಿ, ಆಮೇಲೆ ಏನು ಅನ್ನುವುದು ಕಾಗದದ ಮೇಲೆ ಇರಲಿ. ನನಗೆ ಗೊತ್ತಿರುವ ಒಬ್ಬ ಮೂರು ವರ್ಷ ಟ್ರೈನಿ ಆಗಿಯೇ ಉಳಿದ.

ಹೆಣ್ಣುಮಕ್ಕಳಿಗೆ ಹೇಗಿರುತ್ತದೆ?

ಇನ್‌ಸ್ಪೆಕ್ಷನ್, ಅಸೆಂಬ್ಲಿ, ಪ್ರೋಗ್ರಾಮಿಂಗ್ ಕಡೆ ಈಗ ಹೆಣ್ಣುಮಕ್ಕಳು ಸಾಕಷ್ಟು ಬರುತ್ತಾರೆ. ನಮ್ಮ ಅಕ್ಕನ ಮಗಳು ಹೋದ ಒಂದು ಕಡೆ ಹದಿನೈದು ನಿಮಿಷದಲ್ಲಿ ಎಂಟು ನಿಮಿಷ ಮದುವೆ ಯಾವಾಗ, ಮದುವೆ ಆದ ಮೇಲೆ ಬಿಡುತ್ತೀಯಾ ಅಂತಲೇ ಕೇಳಿದರಂತೆ. ಡ್ರಾಯಿಂಗ್ ಬಗ್ಗೆ ಒಂದೂ ಪ್ರಶ್ನೆ ಇಲ್ಲ. ಅವಳು "ಸರ್, ಅದು ಮನೆಯ ವಿಚಾರ. ಡ್ರಾಯಿಂಗ್ ಕೊಡಿ, ಓದಿ ತೋರಿಸುತ್ತೇನೆ" ಅಂದಳು. ಅಲ್ಲಿ ಕೆಲಸ ಆಗಲಿಲ್ಲ. ಇನ್ನೊಂದು ಕಡೆ ಡ್ರಾಯಿಂಗ್ ಕೊಟ್ಟರು, ಓದಿ ತೋರಿಸಿದಳು, ಸೇರಿದಳು. ಅವಳ ಮಾತಿನಲ್ಲೇ ಹೇಳುವುದಾದರೆ ಕೇಳಬೇಕಾದ್ದು ಮೂರು: ಶಿಫ್ಟ್ ಎಷ್ಟೊತ್ತಿಗೆ ಬಿಡುತ್ತದೆ, ಕಂಪನಿ ಬಸ್ ಎಲ್ಲಿಯವರೆಗೆ ಬರುತ್ತದೆ, ಶಾಪ್ ಹತ್ತಿರ ಹೆಂಗಸರಿಗೆ ಬೇರೆ ಟಾಯ್ಲೆಟ್ ಇದೆಯಾ. ಮೂರನೆಯದನ್ನು ಕೇಳಲು ನಾಚಿಕೆ ಬೇಡ ಅಂತ ಬರೆ ಮಾಮಾ ಅಂತ ಹೇಳಿದ್ದಾಳೆ, ಬರೆದಿದ್ದೇನೆ.

ಕೆಲಸ ಕೊಡಿಸುತ್ತೇವೆ, ದುಡ್ಡು ಕಟ್ಟಿ ಅಂದರೆ?

ಕೊಡಬೇಡಿ. ರಿಜಿಸ್ಟ್ರೇಷನ್, ಯೂನಿಫಾರ್ಮ್, ಗೇಟ್ ಪಾಸ್, ಯಾವ ಹೆಸರಿನಲ್ಲಿ ಕೇಳಿದರೂ ಬೇಡ. ಫೋನ್‌ಪೇ ಮಾಡಿ ಮೋಸ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಮಾಡಿದಷ್ಟೂ ದುಡ್ಡು ತಡೆಹಿಡಿಯುವ ಸಾಧ್ಯತೆ ಜಾಸ್ತಿ.

"ಫೋನ್ ಮಾಡಿ ತಿಳಿಸುತ್ತೇವೆ" ಅಂದರು. ಎಷ್ಟು ದಿನ ಕಾಯಬೇಕು?

ಒಂದು ವಾರ. ಆಮೇಲೆ ನೀವೇ ಒಂದು ಸಲ ಫೋನ್ ಮಾಡಿ, ಮರ್ಯಾದೆಯಿಂದ ಕೇಳಿ. ಅಲ್ಲಿಯವರೆಗೆ ಬೇರೆ ಕಡೆ ಹೋಗುವುದನ್ನು ನಿಲ್ಲಿಸಬೇಡಿ. ಆಗಿಲ್ಲ ಅಂತ ಫೋನ್ ಮಾಡಿ ಹೇಳುವ ಕಂಪನಿಗಳು ಇಲ್ಲಿ ಕಡಿಮೆ, ಇದು ನನಗೆ ಇವತ್ತಿಗೂ ಬೇಜಾರಿನ ವಿಷಯ. ಹುಡುಗ ಊರಿನಲ್ಲಿ ಫೋನ್ ಹಿಡಿದುಕೊಂಡು ಕೂತಿರುತ್ತಾನೆ, ಅವ್ವ ದಿನಾ ಕೇಳುತ್ತಿರುತ್ತಾಳೆ. ನಮ್ಮಲ್ಲಿ ಬಂದವರಿಗೆ ಆಗದಿದ್ದರೂ ಅದೇ ವಾರ ತಿಳಿಸಬೇಕು ಅಂತ ನಾನು ಹೇಳಿ ಹೇಳಿ, ಈಗ ಎಚ್‌ಆರ್‌ನವರು ಒಂದು ಮೆಸೇಜ್ ಆದರೂ ಹಾಕುತ್ತಾರೆ.

ಒಮ್ಮೆ ರಿಜೆಕ್ಟ್ ಆದ ಕಂಪನಿಗೆ ಮತ್ತೆ ಹೋಗಬಹುದಾ?

ಹೋಗಬಹುದು. ಆರು ತಿಂಗಳು ಬಿಟ್ಟು ಹೋಗಿ, ಈ ನಡುವೆ ಏನು ಕಲಿತಿರಿ ಅಂತ ಹೇಳಲು ಒಂದಾದರೂ ಇರಲಿ. ನನ್ನ ಆರನೆಯ ಇಂಟರ್‌ವ್ಯೂ ನಡೆದದ್ದು ಎರಡನೆಯದು ನಡೆದ ಕಂಪನಿಯಲ್ಲೇ. ಅದೇ ಮೇಜು, ಅದೇ ಸರ್. ಅವರಿಗೆ ನನ್ನ ಮುಖ ನೆನಪಿರಲಿಲ್ಲ. ಪಿನ್ ಮತ್ತು ಮೈಕ್ರೋಮೀಟರ್ ಮುಂದಿಟ್ಟರು. ನಾನು ಪಿನ್ ಮುಟ್ಟದೆ ಮೊದಲು ಮೈಕ್ರೋಮೀಟರ್ ಒರೆಸಿ, ಮುಚ್ಚಿ, ಬೆಳಕಿಗೆ ಹಿಡಿದೆ. ಆಗ ಅವರು ತಲೆ ಎತ್ತಿ, "ನೀನು ಮೊದಲು ಬಂದಿದ್ದೆ ಅಲ್ಲೇನಪಾ?" ಅಂದರು.